ಯಾವ ಹಿಪ್ಪೊಕ್ರೇಟಸ್?

ಇತಿಹಾಸದ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಗ್ರೀಸ್ ಬಂದ ಕಡೆಯೆಲ್ಲ ಒಂದೇ ತಪ್ಪು ಮತ್ತೆ ಮತ್ತೆ ಎದುರಾಗುತ್ತದೆ. ಹಿಪ್ಪೊಕ್ರೇಟಸ್ ಎಂಬ ಹೆಸರು ಕಂಡ ಕೂಡಲೇ ಬರೆಯುವವರು 'ವೈದ್ಯಶಾಸ್ತ್ರದ ಪಿತಾಮಹ' ಎಂದು ಸೇರಿಸಿಬಿಡುತ್ತಾರೆ. ಈಚೆಗೆ ಓದಿದ ಒಂದು ಅಧ್ಯಾಯದಲ್ಲಿ ಆ ವೈದ್ಯ ಕ್ರಿ.ಪೂ. 424ರ ಡೀಲಿಯಂ ಕದನದಲ್ಲಿ ಅಥೆನ್ಸಿನ ಸೇನೆ ನಡೆಸಿ ಸತ್ತುಹೋಗಿದ್ದ! ಅಲ್ಲಿ ಸತ್ತವನು ಬೇರೊಬ್ಬ ಹಿಪ್ಪೊಕ್ರೇಟಸ್, ಅಥೆನ್ಸಿನ ನಾಯಕ ಪೆರಿಕ್ಲೀಸನ ಸೋದರನಾದ ಅರಿಫ್ರೋನನ ಮಗ. ವೈದ್ಯ ಕೋಸ್ ದ್ವೀಪದವನು. ಅದೇ ಕಾಲಕ್ಕೆ ಕಿಯೋಸ್ ದ್ವೀಪದ ಮೂರನೆಯ ಹಿಪ್ಪೊಕ್ರೇಟಸ್ ಕೂಡ ಇದ್ದ. ಅವನು ರೇಖಾಗಣಿತದವನು, ಎರಡು ಕಂಸಗಳ ನಡುವಿನ ಚಂದ್ರಕಲೆಯಂಥ ಆಕಾರವೊಂದು ತ್ರಿಕೋನದಷ್ಟೇ ವಿಸ್ತೀರ್ಣದ್ದು ಎಂದು ತೋರಿಸಿದವನು. ಕೋಸ್, ಕಿಯೋಸ್. ಅಚ್ಚಿನಲ್ಲಿ ಒಂದಕ್ಷರ ತಪ್ಪಿದರೆ ಇಬ್ಬರೂ ಒಬ್ಬರಾಗುತ್ತಾರೆ.

ಇಷ್ಟಕ್ಕೆಲ್ಲ ಮೂಲ, 'ಅರಿಫ್ರೋನನ ಮಗ' ಎಂಬಂಥ ಮಾತನ್ನು ಸುಮ್ನೆ ಜಾಸ್ತಿ ಎಂದು ಕತ್ತರಿಸುವುದು. ದಯವಿಟ್ಟು ಕತ್ತರಿಸಬೇಡಿ. ಗ್ರೀಕರಿಗೆ ನಮ್ಮ ಹಾಗೆ ಮನೆತನದ ಹೆಸರು ಇರಲಿಲ್ಲ. ಇದ್ದದ್ದು ಒಂದೇ ಹೆಸರು. ಯಾರು ಅಂತ ಗೊತ್ತಾಗಬೇಕಾದರೆ ಅಪ್ಪನ ಹೆಸರು ಬೇಕು, ಪರಸ್ಥಳದಲ್ಲಿ ಊರಿನ ಹೆಸರು ಬೇಕು. ಅಥೆನ್ಸಿನಲ್ಲಿ ಒಬ್ಬನನ್ನು ಹತ್ತು ವರ್ಷ ಊರು ಬಿಡಿಸಲು ಜನ ಮಡಕೆ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕುತ್ತಿದ್ದರು. ಅಂಥ ಚೂರುಗಳು ಸಾವಿರಗಟ್ಟಲೆ ಸಿಕ್ಕಿವೆ. 'ಥೆಮಿಸ್ಟೊಕ್ಲೀಸ್, ನಿಯೊಕ್ಲೀಸನ ಮಗ' ಎಂದು ಅವುಗಳಲ್ಲಿ ಓದಬಹುದು. ಅಂಗೈಯಗಲದ ಚೂರಿನಲ್ಲೂ ಅಪ್ಪನಿಗೆ ಜಾಗ ಕೊಟ್ಟಿದ್ದಾರೆ, ನಮ್ಮ ಪುಟದಲ್ಲಿ ಜಾಗ ಇಲ್ವಾ?

ಪ್ಲೇಟೊನ 'ಪ್ರೊಟಾಗೊರಸ್' ಸಂವಾದ ನನಗೆ ಬಹಳ ಇಷ್ಟ. ಬೆಳಕು ಹರಿಯುವ ಮುಂಚೆಯೇ ಒಬ್ಬ ಹುಡುಗ ಕೋಲಿನಿಂದ ಸಾಕ್ರೆಟೀಸನ ಬಾಗಿಲು ಬಡಿಯುತ್ತಾನೆ. ಅವನೂ ಹಿಪ್ಪೊಕ್ರೇಟಸ್, ಅಪೊಲೊಡೋರಸನ ಮಗ. ಸ್ವಲ್ಪ ಹೊತ್ತಿಗೆ ಸಾಕ್ರೆಟೀಸ್ ಅವನನ್ನು ಕೇಳುತ್ತಾನೆ: ನಿನ್ನದೇ ಹೆಸರಿನ ಕೋಸ್‌ನವನಿಗೆ ದುಡ್ಡು ಕೊಟ್ಟು ಕಲಿತರೆ ನೀನು ಏನಾಗುತ್ತೀ? ವೈದ್ಯನಾಗುತ್ತೇನೆ ಎನ್ನುತ್ತಾನೆ ಹುಡುಗ. ಮಾತಿನ ಮಧ್ಯೆಯೂ ಊರಿನ ಹೆಸರು ಬಿಟ್ಟಿಲ್ಲ, ನೋಡಿ.

ಆದರೆ ಅಪ್ಪನ ಹೆಸರೊಂದೇ ಸಾಕು ಎಂದು ನಾನು ಹೇಳಲಾರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅವರಲ್ಲೂ ಇತ್ತು. ಪೆರಿಕ್ಲೀಸನ ಅಪ್ಪ ಕ್ಸಾಂಥಿಪ್ಪಸ್, ಹಿರಿಮಗನೂ ಕ್ಸಾಂಥಿಪ್ಪಸ್. ತಾತ ಅರಿಫ್ರೋನ್, ಸೋದರನೂ ಅರಿಫ್ರೋನ್. ಹಾಗಾಗಿ ಹೆಸರು ಮೊದಲ ಸಲ ಬಂದಾಗ ಅಪ್ಪ, ಊರು, ಕಾಲ ಮೂರನ್ನೂ ನೋಡಿಕೊಳ್ಳಿ. ಒಂದು ಹೊಂದದಿದ್ದರೂ ಅಂಚಿನಲ್ಲಿ ಪ್ರಶ್ನೆಗುರುತು ಹಾಕಿ ಕಳಿಸಿ.