ಚಪ್ಪಲಿ ಸೈಜ್ ಏರುತ್ತಿದ್ದರೆ ಒಂದು ರಕ್ತ ಪರೀಕ್ಷೆ ಮಾಡಿಸಿ

ನಲವತ್ತರ ವಯಸ್ಸಿನಲ್ಲಿ ಯಾರ ಪಾದವೂ ಬೆಳೆಯಬಾರದು. ತೂಕ ಜಾಸ್ತಿಯಾದಾಗ, ಬಸುರಿಯಾಗಿದ್ದಾಗ ಕಾಲು ಸ್ವಲ್ಪ ಅಗಲ ಆಗುವುದುಂಟು. ಆದರೆ ಏಳನೇ ನಂಬರಿನ ಚಪ್ಪಲಿ ಹಾಕುತ್ತಿದ್ದವರಿಗೆ ಒಂಬತ್ತು ಬೇಕಾಯಿತು, ಮದುವೆ ಉಂಗುರ ಬೆರಳಿಂದ ಬರುತ್ತಿಲ್ಲ, 2.4 ಬಳೆ ಹಿಡಿಸುತ್ತಿದ್ದ ಕೈಗೆ 2.8 ಕೂಡ ಬಿಗಿ ಎಂದರೆ, ಸುಮ್ನೆ ದಪ್ಪ ಆಗಿದ್ದೀನಿ ಅಂದುಕೊಂಡು ಬಿಡಬೇಡಿ. ಇದು ಅಕ್ರೊಮೆಗಲಿ ಇರಬಹುದು.

ಮೂಗಿನ ಹಿಂದೆ, ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆ. ಅಲ್ಲೊಂದು ಸಣ್ಣ ಗಡ್ಡೆ ಹುಟ್ಟಿ ಬೆಳವಣಿಗೆ ಹಾರ್ಮೋನನ್ನು ಲೆಕ್ಕವಿಲ್ಲದೆ ಸುರಿಸತೊಡಗುತ್ತದೆ. ಆ ಹಾರ್ಮೋನಿನ ಮಾತು ಕೇಳಿ ಯಕೃತ್ತು ಐಜಿಎಫ್-1 ಎಂಬ ಇನ್ನೊಂದನ್ನು ತಯಾರಿಸುತ್ತದೆ. ಮಕ್ಕಳಲ್ಲಿ ಹೀಗಾದರೆ ಎತ್ತರ ಏರುತ್ತಲೇ ಹೋಗುತ್ತದೆ. ದೊಡ್ಡವರಲ್ಲಿ ಎತ್ತರಕ್ಕೆ ದಾರಿ ಮುಚ್ಚಿರುತ್ತದೆ. ಹಾಗಾಗಿ ಕೈ, ಕಾಲು, ದವಡೆ, ಮೂಗು, ನಾಲಿಗೆ ದಪ್ಪವಾಗುತ್ತವೆ. ಒಳಗೆ ಹೃದಯವೂ ದಪ್ಪವಾಗುತ್ತದೆ. ನನಗೆ ಹೆಚ್ಚು ಚಿಂತೆ ಅದರದ್ದೇ.

ತುಮಕೂರಿನ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರು ಶುಗರ್, ಥೈರಾಯ್ಡ್ ಇರುವವರು. ಅಪರೂಪಕ್ಕೆ ಅವರ ನಡುವೆ ಅಕ್ರೊಮೆಗಲಿಯವರು ಸಿಗುತ್ತಾರೆ. ಕಾಯಿಲೆ ಶುರುವಾಗಿ ಆಗಲೇ ಎಷ್ಟೋ ವರ್ಷ ಕಳೆದಿರುತ್ತದೆ. ಯಾಕೆ ಗೊತ್ತಾ? ಕೀಲು ನೋವಿಗೆ ಮೂಳೆ ಡಾಕ್ಟರ ಹತ್ತಿರ ಹೋಗಿರುತ್ತಾರೆ. ಹಲ್ಲುಗಳ ನಡುವೆ ಸಂದು ಬಿಟ್ಟಿದ್ದಕ್ಕೆ ಹಲ್ಲಿನ ಡಾಕ್ಟರ ಹತ್ತಿರ. ಕೈ ಜೋಮು ಹಿಡಿಯುವುದಕ್ಕೆ ಬೇರೊಬ್ಬರು, ಶುಗರ್ ಬಿಪಿಗೆ ಮತ್ತೊಬ್ಬರು. ಗೊರಕೆಗೆ, ವಿಪರೀತ ಬೆವರಿಗೆ ಯಾರ ಹತ್ತಿರವೂ ಹೋಗಿರುವುದಿಲ್ಲ. ಎಲ್ಲವನ್ನೂ ಒಂದೇ ಕಡೆ ಕೂತು ಹೇಳಿಕೊಂಡಿದ್ದೇ ಇಲ್ಲ.

ಪಾವಗಡ ಕಡೆಯವರದು ಇನ್ನೊಂದು ಕಷ್ಟ. ಅಲ್ಲಿ ಕೊಳವೆ ಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ. ಬೆನ್ನು, ಕೀಲು ಹಿಡಿದುಕೊಳ್ಳುವುದು ಅಲ್ಲಿ ಮನೆಮನೆಯ ಮಾತು. 'ನಮ್ಮೂರ ನೀರೇ ಹಂಗೆ ಡಾಕ್ಟ್ರೇ, ಎಲ್ರಿಗೂ ಇದೆ' ಅನ್ನುತ್ತಾರೆ. ನಿಜ, ಫ್ಲೋರೈಡಿನಿಂದ ಹಲ್ಲಿಗೆ ಕಲೆ ಬೀಳುತ್ತದೆ, ಬೆನ್ನು ಬಗ್ಗಿಸಲು ಆಗುವುದಿಲ್ಲ. ಆದರೆ ಫ್ಲೋರೈಡಿನಿಂದ ಉಂಗುರ ಬಿಗಿಯಾಗುವುದಿಲ್ಲ, ದವಡೆ ಮುಂದಕ್ಕೆ ಬರುವುದಿಲ್ಲ. ನೀರಿನ ಮೇಲೆ ಹಾಕುವ ಮೊದಲು ಇಷ್ಟನ್ನು ನೋಡಬೇಕು. ನಮ್ಮ ಜಿಲ್ಲೆಯ ಡಾಕ್ಟರುಗಳಿಗೂ ನನ್ನ ವಿನಂತಿ ಇದೇ.

ಮುಖ ಬದಲಾಗಿದ್ದು ಮನೆಯವರಿಗೆ ಕಾಣುವುದಿಲ್ಲ, ದಿನಾ ನೋಡುತ್ತಾರಲ್ವಾ. ಹಾಗಾಗಿ ನಾನು ಮದುವೆ ಆಲ್ಬಂ ತರಲು ಹೇಳುತ್ತೇನೆ. ಹತ್ತು ವರ್ಷದ ಹಿಂದಿನ ಫೋಟೋ ಪಕ್ಕದಲ್ಲಿಟ್ಟರೆ ಹುಬ್ಬಿನ ಮೂಳೆ, ಮೂಗು, ತುಟಿ ಎಲ್ಲ ಬೇರೆಯೇ ಕಾಣುತ್ತವೆ.

ಮೊದಲ ಪರೀಕ್ಷೆ ಐಜಿಎಫ್-1. ವಯಸ್ಸಿಗೆ ತಕ್ಕ ಮಿತಿಯ ಜೊತೆ ಹೋಲಿಸಿ ನೋಡಬೇಕು. ಬೆಳವಣಿಗೆ ಹಾರ್ಮೋನನ್ನು ಒಂದೇ ಸಲ ಅಳೆದು ಏನೂ ಹೇಳಲಾಗದು, ಅದು ದಿನವಿಡೀ ಏರಿಳಿಯುತ್ತದೆ. ಅನುಮಾನ ಉಳಿದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯವರೆಗೆ ಆಗಾಗ ರಕ್ತ ತೆಗೆದು ಬೆಳವಣಿಗೆ ಹಾರ್ಮೋನ್ ನೋಡುತ್ತೇವೆ. ಸಕ್ಕರೆ ಏರಿದಾಗ ಈ ಹಾರ್ಮೋನ್ ಇಳಿಯಬೇಕು, ಕಾಯಿಲೆ ಇದ್ದವರಲ್ಲಿ ಇಳಿಯುವುದಿಲ್ಲ. ಶುಗರ್ ತೀರಾ ಹತೋಟಿ ತಪ್ಪಿದ್ದರೆ ಐಜಿಎಫ್-1 ಸುಳ್ಳಾಗಿ ಕಡಿಮೆ ಬರಬಹುದು, ಅದು ನೆನಪಿರಲಿ. ಆಮೇಲೆ ಎಂಆರ್‌ಐ.

ಎಂಆರ್‌ಐ ವರದಿಯಲ್ಲಿ ಗಡ್ಡೆ ಎಂದು ಓದಿದ ಕೂಡಲೇ ಮನೆಮಂದಿಯೆಲ್ಲ ಅಳುತ್ತಾರೆ. ಪಿಟ್ಯುಟರಿ ಗಡ್ಡೆ ಕ್ಯಾನ್ಸರ್ ಆಗುವುದು ತುಂಬಾ ತುಂಬಾ ಅಪರೂಪ. ಎಲ್ಲದಕ್ಕೂ ಆಪರೇಷನ್ ಕೂಡ ಬೇಕಿಲ್ಲ. ಮುಟ್ಟು ನಿಂತು, ಮಗು ಇಲ್ಲದೆ ಎದೆಯಲ್ಲಿ ಹಾಲು ಬರುವಂತೆ ಮಾಡುವ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸುರಿಸುವ ಗಡ್ಡೆಯನ್ನು ಸಾಮಾನ್ಯವಾಗಿ ಕ್ಯಾಬರ್ಗೋಲಿನ್ ಮಾತ್ರೆಯಲ್ಲೇ ಕುಗ್ಗಿಸಬಹುದು.

ಅಕ್ರೊಮೆಗಲಿಗೆ ಮಾತ್ರ ಮೊದಲ ಚಿಕಿತ್ಸೆ ಆಪರೇಷನ್. ತಲೆಬುರುಡೆ ತೆರೆಯುವುದಿಲ್ಲ, ಸಾಮಾನ್ಯವಾಗಿ ಮೂಗಿನ ದಾರಿಯಲ್ಲೇ ಹೋಗುತ್ತಾರೆ. ಗಡ್ಡೆ 10 ಮಿಲಿಮೀಟರಿಗಿಂತ ಚಿಕ್ಕದಿದ್ದರೆ, ಕೈ ಪಳಗಿದ ಸರ್ಜನ್ ಸಿಕ್ಕರೆ, ಹೆಚ್ಚಿನವರಿಗೆ ವಾಸಿಯಾಗುತ್ತದೆ. ದೊಡ್ಡದಾಗಿ ಪಕ್ಕದ ರಕ್ತನಾಳವನ್ನು ಸುತ್ತಿಕೊಂಡಿದ್ದರೆ ಪೂರ್ತಿ ತೆಗೆಯಲಾಗುವುದಿಲ್ಲ. ತಡಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ ಎಂದು ಸರ್ಜನ್‌ರನ್ನು ಕೇಳಿ, ಸಂಕೋಚ ಬೇಡ. ನಾಲಿಗೆ, ಗಂಟಲು ದಪ್ಪ ಇರುವುದರಿಂದ ಅರಿವಳಿಕೆ ಕೊಡುವ ಡಾಕ್ಟರಿಗೂ ಮೊದಲೇ ತಿಳಿದಿರಬೇಕು.

ಇನ್ಸುಲಿನ್ ಮೇಲಿರುವವರಿಗೆ ಒಂದು ಮಾತು. ಆಪರೇಷನ್ ಚೆನ್ನಾಗಿ ಆದರೆ ಶುಗರ್ ಬೇಗ ಇಳಿಯಬಹುದು. ಹಳೇ ಡೋಸನ್ನೇ ಚುಚ್ಚಿಕೊಂಡರೆ ತಲೆ ಸುತ್ತಿ ಬೀಳುತ್ತೀರಿ.

ಗಡ್ಡೆ ಉಳಿದರೆ ಆಕ್ಟ್ರಿಯೊಟೈಡ್ ಅಥವಾ ಲ್ಯಾನ್ರಿಯೊಟೈಡ್ ಇಂಜೆಕ್ಷನ್ ಇದೆ, ತಿಂಗಳಿಗೊಮ್ಮೆ. ಬೆಲೆ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಪಿತ್ತಕೋಶದಲ್ಲಿ ಕಲ್ಲು ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ವಿಕಿರಣ ಚಿಕಿತ್ಸೆಯೂ ಇದೆ. ಆದರೆ ಅದರ ಫಲ ಕಾಣಲು ವರ್ಷಗಳು ಬೇಕು, ಅಲ್ಲಿಯವರೆಗೆ ಔಷಧಿ ಬಿಡುವಂತಿಲ್ಲ.

ಹಾರ್ಮೋನ್ ಹತೋಟಿಗೆ ಬಂದರೆ ಬೆವರು ನಿಲ್ಲುತ್ತದೆ, ಕೈ ಮೆತ್ತಗಾಗುತ್ತದೆ, ಉಂಗುರ ಸಡಿಲವಾಗುತ್ತದೆ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳೇ ಮುಖ ವಾಪಸ್ ಬರುತ್ತದೆ ಎಂದು ಕಾಯುವವರಿದ್ದಾರೆ. ಆದರೆ ಹೃದಯದ ಮೇಲಿನ ಹೊರೆ ಇಳಿಯುತ್ತದೆ, ಆಯಸ್ಸು ಉಳಿದವರಷ್ಟೇ ಇರಲು ಸಾಧ್ಯ. ಹೃದಯದ ಸ್ಕ್ಯಾನ್, ಅಂದರೆ ಎಕೋ ಪರೀಕ್ಷೆ ಆಗಬೇಕು. ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ ನಿದ್ರೆ ಪರೀಕ್ಷೆ ಬೇಕು. ದೊಡ್ಡ ಕರುಳಿನಲ್ಲಿ ಸಣ್ಣ ಗಂಟುಗಳಾಗುವ ಸಾಧ್ಯತೆ ಇರುವುದರಿಂದ ಒಮ್ಮೆ ಕೊಲೊನೋಸ್ಕೋಪಿ ಮಾಡಿಸಬೇಕು.

ಗಡ್ಡೆಯಿಂದಲೋ ಆಪರೇಷನ್‌ನಿಂದಲೋ ಪಿಟ್ಯುಟರಿಯ ಹತೋಟಿಯಲ್ಲಿರುವ ಉಳಿದ ಹಾರ್ಮೋನುಗಳು ಕಡಿಮೆಯಾಗಬಹುದು. ಕಾಯಿಲೆ, ಒತ್ತಡವನ್ನು ದೇಹ ತಡೆದುಕೊಳ್ಳಲು ಬೇಕಾದ ಕಾರ್ಟಿಸಾಲ್ ಮತ್ತು ಥೈರಾಯ್ಡ್ ಎರಡೂ ಕಡಿಮೆ ಇದ್ದರೆ ಕಾರ್ಟಿಸಾಲ್‌ನ ಮಾತ್ರೆ ಮೊದಲು, ಥೈರಾಯ್ಡ್ ಆಮೇಲೆ. ಹಿಂದುಮುಂದಾದರೆ ಜೀವಕ್ಕೇ ಅಪಾಯ. ಕಾರ್ಟಿಸಾಲ್‌ನ ಮಾತ್ರೆ ಸ್ಟೀರಾಯ್ಡೇ, ಆ ಹೆಸರು ಕೇಳಿ ನೆಂಟರು ಹೆದರಿಸಿದರೆಂದು ಮಾತ್ರೆ ನಿಲ್ಲಿಸಬೇಡಿ. ಜ್ವರ ಬಂದಾಗ ಡೋಸ್ ಹೆಚ್ಚಿಸಿಕೊಳ್ಳುವುದು ಹೇಗೆಂದು ನಿಮ್ಮ ಡಾಕ್ಟರ ಹತ್ತಿರ ಬರೆಸಿಟ್ಟುಕೊಳ್ಳಿ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು, ಹತ್ತಿರದ ಆಸ್ಪತ್ರೆಗೆ ಹೋಗಿ.

ಗಡ್ಡೆ ಇರುವವರಿಗೆ ಹಠಾತ್ತನೆ ತಡೆಯಲಾಗದ ತಲೆನೋವು ಬಂದು, ಕಣ್ಣು ಮಂಜಾಗಿ, ರೆಪ್ಪೆ ಜೋತುಬಿದ್ದರೆ ಗಡ್ಡೆಯೊಳಗೆ ರಕ್ತಸ್ರಾವ ಆಗಿರಬಹುದು. ಬೆಳಗ್ಗೆ ನೋಡೋಣ ಎಂದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಎಂಆರ್‌ಐ ವರದಿ ಕೈಯಲ್ಲಿ ಹಿಡಿದು ಆ ರಾತ್ರಿಯೇ ಹೊರಡಿ.