ನಿಕಾನ್ ಲೆನ್ಸಿನ ಮೇಲೆ ಆ ಎರಡು ಕಿವಿ ಯಾಕೆ?

ಪ್ರಶ್ನೆ: ಅಪ್ಪನ ಹಳೆಯ ನಿಕ್ಕೋರ್ 50 ಎಂಎಂ ಲೆನ್ಸ್ ಸಿಕ್ಕಿದೆ. ಅಪರ್ಚರ್ ರಿಂಗ್ (ಒಳಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಬಳೆ) ಮೇಲೆ ಲೋಹದ ಎರಡು ಕಿವಿ ಇವೆ. ಕಿವಿ ಇರೋ ಲೆನ್ಸ್ ಹಾಕಿದರೆ ಕ್ಯಾಮೆರಾ ಹಾಳಾಗುತ್ತದಂತೆ. ಬಿಚ್ಚಿ ತೆಗೆಯಲೇ?

ತೆಗೆಯಬೇಡಿ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಎರಡು ಸ್ಕ್ರೂ ಬಿಚ್ಚಿ ಕಿವಿ ಕಿತ್ತ ಲೆನ್ಸುಗಳು ನನ್ನ ಕೈಗೆ ಬರುತ್ತಲೇ ಇವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

1959ರ ನಿಕಾನ್ ಎಫ್ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಲೈಟ್ ಮೀಟರ್ ಇರಲಿಲ್ಲ. ಬೇಕಾದವರು ಮೀಟರನ್ನು ಮೇಲೆ ಸಿಕ್ಕಿಸಿಕೊಳ್ಳಬೇಕಿತ್ತು. ಆ ಮೀಟರಿನ ಪಿನ್ ಈ ಎರಡು ಕಿವಿಗಳ ನಡುವೆ ಕೂರುತ್ತಿತ್ತು. ನೀವು ಅಪರ್ಚರ್ ತಿರುಗಿಸಿದರೆ ಪಿನ್ನೂ ಜೊತೆಗೆ ಸರಿಯುತ್ತಿತ್ತು, ಮೀಟರಿಗೆ ಸುದ್ದಿ ಮುಟ್ಟುತ್ತಿತ್ತು. ಕಿವಿ ಇರುವ ಜಾಗವೂ ಗೊತ್ತುಪಡಿಸಿದ್ದೇ: ರಿಂಗಿನ ಮೇಲಿನ ಎಫ್/5.6 ಎಂಬ ಅಪರ್ಚರ್ ಅಂಕಿಯ ನೇರಕ್ಕೆ. ಜಪಾನಿನವರು ಇದನ್ನು ಏಡಿಯ ಕೊಂಡಿ ಅನ್ನುತ್ತಾರೆ. ಉಳಿದವರಿಗೆ ಮೊಲದ ಕಿವಿ.

1977ರಲ್ಲಿ ನಿಕಾನ್‌ನ ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಪದ್ಧತಿ ಬಂತು. ಅಪರ್ಚರ್ ರಿಂಗಿನ ಹಿಂಬದಿ ಅಂಚೇ ಕ್ಯಾಮೆರಾದ ಮೌಂಟ್ (ಲೆನ್ಸ್ ಕೂರುವ ಜಾಗ) ಸುತ್ತ ಇರುವ ಚಿಕ್ಕ ಲಿವರನ್ನು ತಳ್ಳಿ ಮೀಟರಿಗೆ ಸುದ್ದಿ ಮುಟ್ಟಿಸತೊಡಗಿತು. ಕಿವಿಯ ಕೆಲಸ ಅಲ್ಲಿಗೆ ಮುಗಿಯಿತು, ಅಲ್ವಾ? ಆದರೂ ನಿಕಾನ್ ಕಿವಿ ತೆಗೆಯಲಿಲ್ಲ. ಹೊಸ ಲೆನ್ಸು ಹಳೆಯ ಕ್ಯಾಮೆರಾದಲ್ಲೂ ನಡೆಯಲಿ ಅಂತ ಉಳಿಸಿಕೊಂಡಿತು. ಈ ಕಾಳಜಿ ನನಗೆ ತುಂಬಾ ಇಷ್ಟ.

ಈಗ ಹೇಳಿ, ಕಿವಿಯೇ ಅಪಾಯವಾದರೆ ಎಐ ಲೆನ್ಸಿನ ಮೇಲೆ ಅದನ್ನು ಯಾಕೆ ಇಡುತ್ತಿದ್ದರು? ಕಿವಿ ಇರುವುದು ಮೇಲೆ. ಆ ಲಿವರಿನ ಹತ್ತಿರವೂ ಅದು ಹೋಗುವುದಿಲ್ಲ. ಹಾಳು ಮಾಡುವುದು ಎಐಗಿಂತ ಹಿಂದಿನ ಲೆನ್ಸಿನ ರಿಂಗ್ ಅಂಚು. ಎಫ್‌ಎಂ2, ಡಿ750 ಥರದ ಕ್ಯಾಮೆರಾಗಳಲ್ಲಿ ಆ ಅಂಚು ಲಿವರಿನ ಮೇಲೆ ಕೂತು ಒತ್ತುತ್ತದೆ, ಲಿವರ್ ಮುರಿಯಬಹುದು. ಕಿವಿ ಕಿತ್ತರೂ ಆ ಅಂಚು ಅಲ್ಲೇ ಇರುತ್ತದೆ! ಸುಮ್ನೆ ಲೆನ್ಸಿನ ಚಂದ ಹೋಯಿತು, ಅಪಾಯ ಹಾಗೇ ಉಳಿಯಿತು.

ಹಾಗಾಗಿ ಲೆನ್ಸನ್ನು ತಿರುಗಿಸಿ ಹಿಂದೆ ನೋಡಿ. ರಿಂಗಿನ ಅಂಚು ಸುತ್ತಲೂ ಒಂದೇ ಸಮ ಇದ್ದರೆ ಹಳೆಯದು. ಒಂದಷ್ಟು ಭಾಗ ಕೆತ್ತಿ ಮೆಟ್ಟಿಲಿನಂತೆ ಮಾಡಿದ್ದರೆ ಎಐ. ಹಳೆಯದಾದರೂ ಬೇಸರ ಬೇಡ. ಎಫ್‌ಎಂ, ಎಫ್‌ಇ, ಡಿಎಫ್ ಕ್ಯಾಮೆರಾಗಳಲ್ಲಿ ಲಿವರನ್ನು ಮಡಚಿಡಬಹುದು. ಡಿ40ಯಲ್ಲಿ ಆ ಲಿವರೇ ಇಲ್ಲ.

ಕಿವಿಯಲ್ಲಿ ತೂತು ಇದೆಯಾ ಅಂತಲೂ ನೋಡಿ. ತೂತು ಅಲಂಕಾರಕ್ಕಲ್ಲ, ತೂಕ ಇಳಿಸಲೂ ಅಲ್ಲ. ಎಐ ರಿಂಗಿನ ಹಿಂಬದಿಯಲ್ಲಿ ಅಪರ್ಚರ್ ಅಂಕಿಗಳ ಇನ್ನೊಂದು ಸಣ್ಣ ಸಾಲು ಇರುತ್ತದೆ. ವ್ಯೂಫೈಂಡರಿನ ಪುಟ್ಟ ಕಿಟಕಿ ಆ ಸಾಲನ್ನು ಓದುತ್ತದೆ. ಕಿವಿಯ ನೆರಳು ಅಂಕಿಗಳ ಮೇಲೆ ಬೀಳದೆ ಬೆಳಕು ಬರಲಿ ಅಂತ ಆ ತೂತು.

ಲೆನ್ಸ್ ಕೈಯಲ್ಲಿದ್ದಾಗಲೇ ಫೋಕಸ್ ಗುರುತಿನ ಪಕ್ಕದ ಪುಟ್ಟ ಕೆಂಪು ಚುಕ್ಕಿಯನ್ನೂ ನೋಡಿಬಿಡಿ. ಅದನ್ನು ಯಾರೂ ಕೇಳುವುದೇ ಇಲ್ಲ. ಇನ್ಫ್ರಾರೆಡ್ ಬೆಳಕು ನಾವು ಕಾಣುವ ಬೆಳಕು ಫೋಕಸ್ ಆಗುವ ಜಾಗದಲ್ಲೇ ಫೋಕಸ್ ಆಗುವುದಿಲ್ಲ. ಇನ್ಫ್ರಾರೆಡ್ ಫಿಲ್ಮ್ ಹಾಕಿದವರು ಮೊದಲು ಮಾಮೂಲಾಗಿ ಫೋಕಸ್ ಮಾಡಿ, ಬಂದ ದೂರದ ಅಂಕಿಯನ್ನು ಈ ಚುಕ್ಕಿಗೆ ಸರಿಸುತ್ತಿದ್ದರು. ಝೂಮ್ ಲೆನ್ಸಿನಲ್ಲಿ ಫೋಕಲ್ ಲೆಂತ್ ಬದಲಾದಂತೆ ಈ ವ್ಯತ್ಯಾಸವೂ ಬದಲಾಗುತ್ತದೆ. ಅದಕ್ಕೇ ನಿಕ್ಕೋರ್ 80-200 ಎಂಎಂ ಎಫ್/4.5 ಝೂಮಿನ ಮೈಮೇಲೆ ಚುಕ್ಕಿಯ ಬದಲು ಬಾಗಿದ ಗೆರೆಯೊಂದನ್ನು ಬರೆದಿದ್ದಾರೆ.