ಮುಳುಗಿದ ಮೇಲೂ ಕಾಣುವ ಸೂರ್ಯ

ಮಧ್ಯಾಹ್ನದ ಊಟ ಮುಗಿಸಿ ಬೆಂಗಳೂರು ಬಿಟ್ಟವರು ಜವಾದಿ ಬೆಟ್ಟದ ತಿರುವುಗಳನ್ನು ಹತ್ತುವಾಗ ಬಿಸಿಲು ಹಳದಿಯಾಗಿತ್ತು. ಕಾವಲೂರಿನ ವೇಣು ಬಾಪು ವೀಕ್ಷಣಾಲಯ ಇನ್ನೂ ಸ್ವಲ್ಪ ದೂರ. ಪಶ್ಚಿಮಕ್ಕೆ ಬಯಲು ಕಾಣುವ ಕಡೆ ಕಾರು ನಿಲ್ಲಿಸಿದೆವು. ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು.

"ಅಮ್ಮಾ, ಸೂರ್ಯ ಚಪ್ಪಟೆ ಆಗ್ಬಿಟ್ಟಿದ್ದಾನೆ!" ಎಂದಳು ಮಗಳು.

ನಿಜ. ಧೂಳಿನ ಮಬ್ಬಿನಲ್ಲಿ ಕೆಂಪಗಾಗಿದ್ದ ಸೂರ್ಯ, ಅಂಗೈಯಲ್ಲಿ ಮೆಲ್ಲಗೆ ಅದುಮಿದ ರೊಟ್ಟಿ ಹಿಟ್ಟಿನ ಉಂಡೆಯ ಹಾಗಿದ್ದ.

ಅದುಮಿದ್ದು ಗಾಳಿ. ನೆಲದ ಹತ್ತಿರ ಗಾಳಿ ದಟ್ಟ, ಮೇಲೆ ಹೋದಂತೆ ತೆಳು. ಓರೆಯಾಗಿ ಬರುವ ಬೆಳಕು ಈ ಗಾಳಿಯಲ್ಲಿ ಸ್ವಲ್ಪ ಸ್ವಲ್ಪವೇ ಬಾಗುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಸೂರ್ಯ ಇರುವ ಜಾಗಕ್ಕಿಂತ ಮೇಲೆ ಕಾಣುತ್ತಾನೆ. ಕೆಳಗಿನ ಅಂಚಿನ ಬೆಳಕು ಜಾಸ್ತಿ ಬಾಗುವುದರಿಂದ ಆ ಅಂಚು ಹೆಚ್ಚು ಮೇಲೇಳುತ್ತದೆ. ಅದಕ್ಕೇ ಚಪ್ಪಟೆ.

ಎಷ್ಟು ಮೇಲೆ? ದಿಗಂತದಲ್ಲಿ ಅರ್ಧ ಡಿಗ್ರಿಗಿಂತ ಕೊಂಚ ಜಾಸ್ತಿ. ಸೂರ್ಯನ ಅಗಲವೂ ಸುಮಾರು ಅರ್ಧ ಡಿಗ್ರಿಯೇ. ಕೈ ಚಾಚಿ ಹಿಡಿದ ಕಿರುಬೆರಳಿನ ಅರ್ಧದಷ್ಟು ಅಗಲ, ಅಷ್ಟೇ. ಈಗ ಲೆಕ್ಕ ಹಾಕಿ. ಸೂರ್ಯನ ಕೆಳಗಿನ ಅಂಚು ದಿಗಂತವನ್ನು ಮುಟ್ಟುವಂತೆ ಕಂಡಾಗ, ನಿಜವಾದ ಸೂರ್ಯ ಪೂರ್ತಿ ಮುಳುಗಿಯಾಗಿದೆ! ನಮ್ಮ ಸೀಮೆಯಲ್ಲಿ ಗಾಳಿ ಹೀಗೆ ದಿನಾ ಸಂಜೆ ಎರಡು ನಿಮಿಷಕ್ಕಿಂತ ಹೆಚ್ಚು ಬಿಸಿಲನ್ನು ಸುಮ್ನೆ ಕೊಡುತ್ತದೆ. ಬೆಳಗ್ಗೆಯೂ ಅಷ್ಟೇ.

ಸೂರ್ಯ ಮರೆಯಾದ ಕೂಡಲೇ ಎಲ್ಲರೂ ಕಾರು ಹತ್ತುತ್ತಾರೆ. ದಯವಿಟ್ಟು ಹತ್ತಬೇಡಿ. ತಿರುಗಿ ಪೂರ್ವಕ್ಕೆ ನೋಡಿ. ನಾವು ನೋಡಿದಾಗ ಗುಡ್ಡಸಾಲಿನ ಮೇಲೆ ನಸುಗುಲಾಬಿ ಪಟ್ಟಿ, ಅದರ ಕೆಳಗೆ ಬೂದಿ ಬೆರೆತ ನೀಲಿ. ಆ ನೀಲಿ ಮೋಡವಲ್ಲ, ಗಾಳಿಯ ಮೇಲೆ ಬಿದ್ದ ಭೂಮಿಯ ನೆರಳು. ನೋಡನೋಡುತ್ತಲೇ ಅದು ಮೇಲೇರಿತು. ಅತ್ತೆ ಲೋಟ ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

ಕಾವಲೂರು ಸುಮಾರು 725 ಮೀಟರ್ ಎತ್ತರದಲ್ಲಿದೆ. ಸುತ್ತ ಕಾಡು. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ದಕ್ಷಿಣದ ಆಕಾಶವೂ ಬಹಳಷ್ಟು ಕಾಣುತ್ತದೆ. ಇಲ್ಲಿಯ ದೊಡ್ಡ ಟೆಲಿಸ್ಕೋಪಿನ ಕನ್ನಡಿ 2.34 ಮೀಟರ್ ಅಗಲ, 1986ರಿಂದ ಕೆಲಸದಲ್ಲಿದೆ. ಇಂಥ ಕನ್ನಡಿಗೂ ಗಾಳಿಯದೇ ಕಾಟ. ಹಗಲಿನ ಸೆಕೆ ಗುಮ್ಮಟದೊಳಗೆ ಉಳಿದರೆ, ಕಾದ ಕಾವಲಿಯ ಮೇಲೆ ಗಾಳಿ ನಡುಗುತ್ತದಲ್ಲ, ಹಾಗೆ ನಡುಗಿ ನಕ್ಷತ್ರದ ಚಿತ್ರ ಕೆಡಿಸುತ್ತದೆ. ಅದಕ್ಕೇ ವೀಕ್ಷಣಾಲಯಗಳಲ್ಲಿ ಕತ್ತಲಾಗುವ ಮೊದಲೇ ಗುಮ್ಮಟ ತೆರೆದು ಒಳಗೂ ಹೊರಗೂ ತಂಪು ಸಮ ಆಗಲು ಬಿಡುತ್ತಾರೆ. ಪೂರ್ತಿ ಕತ್ತಲಾಗಲು ಇಲ್ಲಿ ಸೂರ್ಯಾಸ್ತದಿಂದ ಸುಮಾರು ಒಂದೂಕಾಲು ಗಂಟೆ ಬೇಕು. ಲಂಡನ್ನಿನಲ್ಲಾದರೆ ಜೂನ್ ತಿಂಗಳ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ.

ರಾತ್ರಿ, ನಮ್ಮಂಥವರಿಗಾಗಿ ಇಟ್ಟ ಚಿಕ್ಕ ಟೆಲಿಸ್ಕೋಪಿನ ಮುಂದೆ ಸಾಲು. ಮಗಳು ತುದಿಗಾಲಲ್ಲಿ ನಿಂತು ಕಣ್ಣಿಟ್ಟಳು.

"ಗುರುಗ್ರಹ ಅಲ್ಲಾಡ್ತಿದೆ ಅಮ್ಮಾ."

ನಾನು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಅತ್ತೆ ಹೇಳಿದರು: "ಗ್ರಹ ಅಲ್ಲ ಪುಟ್ಟಿ, ಗಾಳಿ. ಒಂಚೂರು ತಾಳಿ ನೋಡು."